ಅಮ್ಮನ ಹಪ್ಪಳದ ಡಬ್ಬಿ

ಆಗುಂಬೆ ಕಡೆಯ ಮಳೆ ನಿಮಗೆ ಗೊತ್ತೇ ಇದೆ. ಎರಡು ವರ್ಷದ ಹಿಂದೆ ಆಷಾಢದ ಒಂದು ರಾತ್ರಿ, ಪಕ್ಕದೂರಿನ ಅಜ್ಜಿಯೊಬ್ಬರ ಮನೆಯ ಒಳಗೋಡೆ ಕುಸಿಯಿತು. ಬೆಳಿಗ್ಗೆ ಬೈಕಿನಲ್ಲಿ ನೆನೆದುಕೊಂಡೇ ಹೋದೆ. ಮೊಬೈಲ್ ನೀರು ಕುಡಿದು ಬಂದ್ ಆಗಿತ್ತು.

"ಒಳಗೆ ಬಾ ಮಗಾ, ಇಲ್ಲಿ ನೋಡು" ಎಂದು ಅಜ್ಜಿ ಅಡುಗೆಮನೆಗೆ ಕರೆದರು. ಒಲೆ ಉರಿಯುತ್ತಿತ್ತು. ಕ್ಯಾಮೆರಾ ಎತ್ತಿದರೆ ಲೆನ್ಸ್ ತುಂಬ ಮಂಜು. ಅಂಗಿಯಲ್ಲಿ ಒರೆಸಿದೆ, ಮತ್ತೆ ಮಂಜು. ಫೋಟೋಗಳೆಲ್ಲ ಹಾಲು ಚೆಲ್ಲಿದ ಹಾಗೆ ಬಂದವು. ಮಾರನೇ ದಿನ ಹೋಗುವಷ್ಟರಲ್ಲಿ ಮಣ್ಣು ತೆಗೆದಾಗಿತ್ತು. ಪರಿಹಾರದ ಅರ್ಜಿಗೆ ಅಜ್ಜಿ ಫೋಟೋ ಕೇಳಿದಾಗ ಕೊಡಲು ಒಂದೂ ಇರಲಿಲ್ಲ.

ತಪ್ಪು ಮಳೆಯದಲ್ಲ, ನನ್ನದು. ತಣ್ಣಗಿರುವ ಗಾಜಿಗೆ ಬೆಚ್ಚನೆಯ ತೇವದ ಗಾಳಿ ತಾಗಿದರೆ ಹನಿ ಕಟ್ಟುತ್ತದೆ. ಈಗ ಒಳಗೆ ಹೋಗುವ ಮೊದಲೇ ಕ್ಯಾಮೆರಾವನ್ನು ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಕಟ್ಟುತ್ತೇನೆ. ಹನಿ ಕವರಿನ ಮೇಲೆ ಕೂರುತ್ತದೆ. ಕ್ಯಾಮೆರಾ ಬೆಚ್ಚಗಾದ ಮೇಲೆ ತೆಗೆಯುತ್ತೇನೆ. ಮಂಜು ಇರುವಾಗ ಲೆನ್ಸ್ ಬಿಚ್ಚುವುದಿಲ್ಲ.

ಮನೆಯಲ್ಲಿ ಚರ್ಮದ ಬ್ಯಾಗಿನಲ್ಲಿ ಇಡುವುದಿಲ್ಲ. ಅದು ತೇವ ಹಿಡಿದು ಬೂಷ್ಟು ತರುತ್ತದೆ. ಬೂಷ್ಟು ಲೆನ್ಸಿನ ಲೇಪ ತಿಂದರೆ ಒರೆಸಿದರೂ ಕಲೆ ಹೋಗದು. ಅಮ್ಮ ತಮ್ಮ ಹಪ್ಪಳದ ಡಬ್ಬಿಯನ್ನೇ ತೊಳೆದು ಒಣಗಿಸಿ ಕೊಟ್ಟರು: "ಹಪ್ಪಳ ಮೆತ್ತಗಾಗಲಿಲ್ಲ ಅಂದ್ರೆ ಇದೂ ಹಾಳಾಗಲ್ಲ." ಅದರೊಳಗೆ ಸಿಲಿಕಾ ಜೆಲ್ ಇಟ್ಟಿದ್ದೇನೆ, ಬಣ್ಣ ಬದಲಾದರೆ ಒಣಗಿಸುತ್ತೇನೆ. ಅಕ್ಕಿ ಹಾಕಬೇಡಿ, ಅದರ ಧೂಳು ಒಳಗೆ ಸೇರುತ್ತದೆ.

ಅಜ್ಜಿ ಎದುರು ಸಿಕ್ಕಾಗ ಈಗಲೂ "ಊಟ ಆಯ್ತಾ ಮಗಾ" ಅನ್ನುತ್ತಾರೆ. ಫೋಟೋ ವಿಷಯ ಎತ್ತುವುದೇ ಇಲ್ಲ. ಅದೇ ಹೆಚ್ಚು ಚುಚ್ಚುತ್ತದೆ.