ಸುತ್ತು ಹೆಚ್ಚಿಸುವವರ ಸಹವಾಸ

ಮನೆಯಲ್ಲೇ ಕಟ್ಟಿದ ಹೊಸ ಲೀನಿಯರ್ ಮೋಟಾರು ಈಗ ಮೇಜಿನ ಮೇಲೆ ಓಡಾಡುತ್ತಿದೆ. ತೆಳು ಸ್ಟೇನ್‌ಲೆಸ್ ಸ್ಟೀಲ್ ಕೊಳವೆ, ಒಳಗೆ ಸಾಲು ಅಯಸ್ಕಾಂತ, ಮೇಲೆ ಜಾರುವ ತಾಮ್ರದ ಕಾಯಿಲುಗಳ ಕವಚ. ಹಲ್ಲುಚಕ್ರವಿಲ್ಲ, ಬೆಲ್ಟಿಲ್ಲ, ಸ್ಕ್ರೂ ಇಲ್ಲ. ಕರೆಂಟು ಕೊಟ್ಟರೆ ಕವಚ ಸರಕ್ಕನೆ ಹೋಗಿ ಹೇಳಿದ ಕಡೆ ನಿಲ್ಲುತ್ತದೆ. ಎಷ್ಟು ಸಲ ನೋಡಿದರೂ ನನಗೆ ಸಾಲದು.

ನೋಡಲು ಬಂದವರಿಗೂ ಖುಷಿಯೇ. ಆದರೆ ಅವರಲ್ಲಿ ಒಬ್ಬರಾದರೂ ಆ ಮಾತು ಎತ್ತದೆ ಹೋಗುವುದಿಲ್ಲ: “ಇನ್ನೂ ಸಣ್ಣ ತಂತಿ ತಗೊಂಡು ಸುತ್ತು ಜಾಸ್ತಿ ಹಾಕಿ ಸಾರ್, ಬಲ ಜಾಸ್ತಿ ಬರುತ್ತೆ.”

ಬರುವುದಿಲ್ಲ. ತಂತಿಯ ವ್ಯಾಸ ಅರ್ಧ ಮಾಡಿ ನೋಡಿ. ಅದೇ ಜಾಗದಲ್ಲಿ 4 ಪಟ್ಟು ಸುತ್ತು ಕೂರುತ್ತವೆ, ನಿಜ. ಆದರೆ ತಂತಿಯ ಉದ್ದವೂ 4 ಪಟ್ಟು, ಅಡ್ಡಕೊಯ್ತದ ವಿಸ್ತೀರ್ಣ ಕಾಲುಭಾಗ. ಹಾಗಾಗಿ ರೋಧ 16 ಪಟ್ಟು. ಕಾಯಿಲು ಮೊದಲಿಗಿಂತ ಹೆಚ್ಚು ಬಿಸಿಯಾಗಬಾರದು ಅಂದರೆ ಕರೆಂಟನ್ನು ಕಾಲುಭಾಗಕ್ಕೆ ಇಳಿಸಬೇಕು. ನಾಲ್ಕು ಪಟ್ಟು ಸುತ್ತು, ಕಾಲು ಕರೆಂಟು, ಬಲ ಇದ್ದಲ್ಲೇ ಇದೆ. ಅದೇ 12 ವೋಲ್ಟಿಗೆ ಜೋಡಿಸಿದಿರೋ, ಕರೆಂಟು 16ರಲ್ಲಿ ಒಂದು ಭಾಗವಾಗಿ ಬಲವೇ ಕಾಲುಭಾಗಕ್ಕೆ ಇಳಿಯುತ್ತದೆ. ಸುತ್ತಿನ ಸಂಖ್ಯೆ ಹೇಳುವುದು ಯಾವ ವೋಲ್ಟೇಜಿಗೆ ಯಾವ ಕಾಯಿಲು ಅನ್ನುವುದನ್ನು ಮಾತ್ರ. ಬಲ ಬೇಕಿದ್ದರೆ ತಾಮ್ರದ ತೂಕ ಹೆಚ್ಚಿಸಿ, ಅಯಸ್ಕಾಂತಕ್ಕೂ ತಾಮ್ರಕ್ಕೂ ನಡುವಿನ ಸಂದು ಕಡಿಮೆ ಮಾಡಿ, ತಂತಿಯನ್ನು ಪಕ್ಕಪಕ್ಕಕ್ಕೆ ಒತ್ತಿ ಪದರಪದರವಾಗಿ ಸುತ್ತಿ.

ಬೋರ್‌ವೆಲ್ ಮೋಟಾರು ರಿವೈಂಡಿಂಗ್ ಮಾಡುವವರಿಗೆ ಈ ಪಾಠ ಬೇಕಿಲ್ಲ. ಹಳೇ ಕಾಯಿಲು ಬಿಚ್ಚುವಾಗ ಸುತ್ತು ಎಣಿಸುತ್ತಾರೆ, ಗೇಜು ನೋಡುತ್ತಾರೆ, ತಂತಿ ತೂಗುತ್ತಾರೆ. ಹೊಸದೂ ಅದೇ ಲೆಕ್ಕಕ್ಕೆ ಬರಬೇಕು. ನನಗೆ ಸಿಟ್ಟು ಬರುವುದು ಪುಸ್ತಕ ಓದಿದವರ ಮೇಲೆ. ‘ಆಂಪಿಯರ್-ಸುತ್ತು’ ಎಂದು ಬಾಯಿಪಾಠ ಮಾಡಿ, ಅದರಲ್ಲಿ ಆಂಪಿಯರನ್ನು ಮರೆತು ಸುತ್ತನ್ನಷ್ಟೇ ಹಿಡಿದುಕೊಂಡು, ಹುಡುಗರ ಕೈಯಲ್ಲಿ ಕೂದಲಿನಂಥ ತಂತಿ ಸುತ್ತಿಸುತ್ತಾರೆ. ಮೋಟಾರು ಅಲ್ಲಾಡದಿದ್ದಾಗ ಆ ಮಕ್ಕಳು ತಮ್ಮ ಕೈಯನ್ನೇ ದೂರುತ್ತಾರೆ. ಕಲಿಸುವವರು ಕಾಗದ ತೆಗೆದು ಒಂದು ಸಲ ಲೆಕ್ಕ ಹಾಕಿದ್ದರೆ ಆ ಮಕ್ಕಳ ಸಂಜೆಗಳು ಹಾಳಾಗುತ್ತಿರಲಿಲ್ಲ.

ಅಯಸ್ಕಾಂತ ತುಂಬುವುದು ಬೇರೆಯೇ ಸುಖ. 10 ಮಿಮೀ ಉದ್ದದ ನಿಯೋಡಿಮಿಯಂ ತುಂಡುಗಳನ್ನು ಉತ್ತರಕ್ಕೆ ಉತ್ತರ, ದಕ್ಷಿಣಕ್ಕೆ ದಕ್ಷಿಣ ಎದುರಾಗುವಂತೆ ಕೊಳವೆಗೆ ಇಳಿಸಬೇಕು. ಬೆರಳನ್ನೇ ತಳ್ಳಿಕೊಂಡು ಹೊರಗೆ ಬರುತ್ತವೆ. ನಡುವೆ 5 ಮಿಮೀ ದಪ್ಪದ ಮೆತು ಕಬ್ಬಿಣದ ಬಿಲ್ಲೆ ಇಟ್ಟರೆ ಜಗಳ ಬಹಳಷ್ಟು ತಗ್ಗುತ್ತದೆ. ಎರಡೂ ಕಡೆಯಿಂದ ಬಂದ ಕಾಂತರೇಖೆಗಳು ಬಿಲ್ಲೆಯ ಅಂಚಿನಿಂದ ಸುತ್ತಲೂ ಹೊರಕ್ಕೆ ಚಿಮ್ಮಿ ತಾಮ್ರವನ್ನು ನೇರ ಅಡ್ಡಹಾಯುತ್ತವೆ. ಬಿಲ್ಲೆಯ ಎದುರು ಬಂದ ಪ್ರತಿ ಸುತ್ತೂ ತನ್ನ ಇಡೀ ವೃತ್ತದುದ್ದಕ್ಕೂ ದುಡಿಯುತ್ತದೆ. ಒಂದು ಧ್ರುವಕ್ಕೆ 15 ಮಿಮೀ ಆಯಿತು, ಮೂರು ಫೇಸಿಗೆ ತಲಾ 5 ಮಿಮೀ ಅಗಲದ ಕಾಯಿಲು. ನಡುವಿನ ಕಾಯಿಲಿನ ಎರಡು ತುದಿಗಳನ್ನು ಅದಲುಬದಲು ಜೋಡಿಸಿದರೆ 60 ಡಿಗ್ರಿಯ ಅಂತರ ತಾನಾಗಿ 120ರ ಸರಿಜೋಡಣೆಗೆ ಬರುತ್ತದೆ. ಈ ಒಂದು ಉಪಾಯ ನನಗೆ ಎಲ್ಲಕ್ಕಿಂತ ಪ್ರಿಯ.

ಲೀನಿಯರ್ ಮೋಟಾರು ಎಂದರೆ ಎಲ್ಲರಿಗೂ ರೈಲೇ ನೆನಪು. 1984ರಲ್ಲಿ ಬರ್ಮಿಂಗ್‌ಹ್ಯಾಮ್ ವಿಮಾನ ನಿಲ್ದಾಣದಲ್ಲಿ ಓಡಿದ ತೇಲುವ ಬಂಡಿಯನ್ನು ನೂಕುತ್ತಿದ್ದದ್ದೂ ಇದೇ. ಆದರೆ ಈ ಮೋಟಾರಿಗೆ ಜೀವ ತೇಯ್ದ ಎರಿಕ್ ಲೇತ್‌ವೇಟ್ ಹುಟ್ಟಿದ್ದು ಹತ್ತಿಗಿರಣಿಗಳ ಲ್ಯಾಂಕಾಶೈರ್‌ನಲ್ಲಿ. 1940ರ ದಶಕದ ಕೊನೆಯಲ್ಲಿ ಮ್ಯಾಂಚೆಸ್ಟರ್‌ನಲ್ಲಿದ್ದಾಗ ಆತನನ್ನು ಇದರ ಕಡೆ ಎಳೆದದ್ದು ರೈಲಲ್ಲ, ಮಗ್ಗದ ಲಾಳಿ.

ದೊಡ್ಡಬಳ್ಳಾಪುರದಲ್ಲೋ ರಬಕವಿ-ಬನಹಟ್ಟಿಯಲ್ಲೋ ವಿದ್ಯುತ್ ಮಗ್ಗದ ಪಕ್ಕ ನಿಂತವರಿಗೆ ಆತನ ತಲೆಯಲ್ಲಿದ್ದದ್ದೇನು ಎಂದು ಹೇಳಬೇಕಿಲ್ಲ. ಒಂದು ಕೋಲು ಲಾಳಿಯನ್ನು ಬಡಿದು ಓಡಿಸುತ್ತದೆ, ಎದುರು ಪೆಟ್ಟಿಗೆ ಅದನ್ನು ಉಜ್ಜಿ ನಿಲ್ಲಿಸುತ್ತದೆ. ಲಾಳಿಗೆ ಕೊಟ್ಟ ಶಕ್ತಿಯೆಲ್ಲ ಸದ್ದು, ಬಿಸಿ, ಸವೆತ. ಮುಂದೆ ಲಾಳಿಯೇ ಇಲ್ಲದ ಮಗ್ಗಗಳು ಬಂದು ಗಿರಣಿಯವರು ಲಾಳಿಯನ್ನು ಲೀನಿಯರ್ ಮೋಟಾರಿನಿಂದ ನೂಕುವ ಆ ದಾರಿ ಬಿಟ್ಟರು. ನನಗೆ ಬಿಡಲು ಮನಸ್ಸಿಲ್ಲ. ಲೆಕ್ಕಕ್ಕೆ ಅರ್ಧ ಕಿಲೋ ಲಾಳಿ, ಸೆಕೆಂಡಿಗೆ 10 ಮೀಟರ್ ವೇಗ ಎಂದಿಟ್ಟುಕೊಂಡರೆ 25 ಜೂಲ್. 20 ಸೆಂಮೀ ದೂರದಲ್ಲಿ ಆ ವೇಗ ಬರಿಸಲು 125 ನ್ಯೂಟನ್ ನೂಕು ಸಾಕು. ಎದುರು ಬದಿಯ ಕಾಯಿಲುಗಳು ಲಾಳಿಯನ್ನು ತಡೆಯುತ್ತಲೇ ಆ 25 ಜೂಲಿನಲ್ಲಿ ಒಂದು ಪಾಲನ್ನು ಕೆಪಾಸಿಟರಿಗೆ ಹಿಂದಿರುಗಿಸಿ, ಮರುಓಟಕ್ಕೆ ಅದನ್ನೇ ಬಳಸಬಹುದು. ಬಡಿಯುವ ಕೋಲಿಗೆ ಇದು ಯಾವತ್ತೂ ಆಗದ ಕೆಲಸ.