ದೀಪ ಹಚ್ಚದ ಯುಗಾದಿ

ಬ್ಯಾಂಕಿನಲ್ಲಿ ಮೂವತ್ತೈದು ವರ್ಷ ಬಡ್ಡಿ ಲೆಕ್ಕ ಹಾಕಿದವನು ನಾನು. ಈ ತಾರೀಖಿನಿಂದ ಆ ತಾರೀಖಿಗೆ ಎಷ್ಟು ದಿನ ಎಂದು ಕೇಳಿದರೆ ಕ್ಯಾಲೆಂಡರ್ ನೋಡದೆ ಹೇಳುತ್ತಿದ್ದೆ. ಅಂಥ ನನ್ನನ್ನು ಬಾಲಿ ದ್ವೀಪದ ಒಂದು ಹಬ್ಬ ದಿನದ ಲೆಕ್ಕದಲ್ಲೇ ಸೋಲಿಸಿತು.

ನಮ್ಮ ಪಕ್ಕದ ಮನೆಯವರು 2022ರ ಜೂನ್‌ನಲ್ಲಿ ಬಾಲಿಗೆ ಹೋಗಿ ಬಂದು ಫೋಟೊಗಳನ್ನು ತೋರಿಸಿದರು. ಪ್ರತಿ ಮನೆಯ ಮುಂದೆಯೂ ತುದಿ ಬಾಗಿದ ಎತ್ತರದ ಬಿದಿರು. ಅದಕ್ಕೆ ತೆಂಗಿನ ಎಳೆಗರಿಯ ಅಲಂಕಾರ, ಭತ್ತದ ತೆನೆ, ಹಣ್ಣು. ರಸ್ತೆಯ ಎರಡು ಬದಿಯಲ್ಲೂ ಸಾಲಾಗಿ ನಿಂತ ಆ ಬಿದಿರಿನ ಹೆಸರು ಪೆಂಜೋರ್, ಹಬ್ಬದ ಹೆಸರು ಗಲುಂಗಾನ್. ಅಧರ್ಮದ ಮೇಲೆ ಧರ್ಮ ಗೆದ್ದುದರ ಹಬ್ಬ. ಆಗ ಹಿರಿಯರ ಆತ್ಮಗಳು ಮನೆಗೆ ಬಂದು, ಹತ್ತು ದಿನ ಇದ್ದು, ಕುನಿಂಗಾನ್ ಎಂಬ ದಿನ ಹಿಂದಿರುಗುತ್ತವೆ ಎಂದು ಅಲ್ಲಿನವರ ನಂಬಿಕೆ. "ಮುಂದಿನ ಜೂನ್‌ಗೆ ನಾವೂ ಹೋಗೋಣ" ಎಂದು ನಾನು ನೋಟ್‌ಬುಕ್ಕಿನಲ್ಲಿ ಖರ್ಚಿನ ಪಟ್ಟಿ ಬರೆಯಲು ಕೂತೆ.

ಆರನೆಯ ತರಗತಿಯ ಮೊಮ್ಮಗಳು ಕಂಪ್ಯೂಟರಿನಲ್ಲಿ ಹುಡುಕಿ, "ತಾತ, ಮುಂದಿನ ಜೂನ್‌ನಲ್ಲಿ ಗಲುಂಗಾನ್ ಇಲ್ಲ. ಜನವರಿ 4ಕ್ಕೆ ಇದೆ, ಆಮೇಲೆ ಆಗಸ್ಟ್ 2ಕ್ಕೆ" ಎಂದಳು.

"ವರ್ಷಕ್ಕೆ ಎರಡು ಸಲ ಬರೋ ಹಬ್ಬ ಯಾವುದಮ್ಮ?" ಎಂದು ನಕ್ಕೆ. ಆಮೇಲೆ ಪೆನ್ನು ಹಿಡಿದು ಎಣಿಸಿದೆ. ಜೂನ್ 8ರಿಂದ ಜನವರಿ 4ಕ್ಕೆ 210 ದಿನ. ಜನವರಿ 4ರಿಂದ ಆಗಸ್ಟ್ 2ಕ್ಕೂ ಸರಿಯಾಗಿ 210 ದಿನ!

ವಿಷಯ ಇಷ್ಟೆ. ಬಾಲಿಯವರು ಎರಡು ಪಂಚಾಂಗಗಳನ್ನು ಒಟ್ಟೊಟ್ಟಿಗೆ ಬಳಸುತ್ತಾರೆ. ಒಂದರ ಹೆಸರು ಪವುಕೋನ್. ಅದರಲ್ಲಿ ಮೂವತ್ತು ವಾರಗಳು, ಪ್ರತಿ ವಾರಕ್ಕೂ ಒಂದೊಂದು ಹೆಸರು. ಏಳು ಮೂವತ್ತಲ 210 ದಿನಕ್ಕೆ ಒಂದು ಸುತ್ತು ಮುಗಿದು ಮತ್ತೆ ಮೊದಲಿನಿಂದ ಶುರು. ಹನ್ನೊಂದನೆಯ ವಾರದ ಬುಧವಾರ ಗಲುಂಗಾನ್. ಹೀಗಾಗಿ ಕೆಲವು ವರ್ಷ ನಮ್ಮ ಕ್ಯಾಲೆಂಡರಿನಲ್ಲಿ ಅದು ಎರಡು ಸಲ ಬರುತ್ತದೆ. ಆ ಪಂಚಾಂಗದ ವಾರಗಳ ಹೆಸರು ಕೇಳಿ: ರೆಡಿತೆ, ಸೋಮ, ಅಂಗ್ಗಾರ, ಬುಡ, ವ್ರಸ್ಪತಿ, ಸುಕ್ರ, ಸನಿಸ್ಚರ. ಆದಿತ್ಯ, ಸೋಮ, ಅಂಗಾರಕ, ಬುಧ, ಬೃಹಸ್ಪತಿ, ಶುಕ್ರ, ಶನೈಶ್ಚರ ಎಂದು ನಮ್ಮಜ್ಜ ಹೇಳುತ್ತಿದ್ದರಲ್ಲ, ಅವೇ! ಸಮುದ್ರ ದಾಟಿ ಹೋಗಿ ಉಚ್ಚಾರ ಸ್ವಲ್ಪ ಬದಲಾಯಿಸಿಕೊಂಡಿವೆ.

ಈ ಸುತ್ತಿನ ಕೊನೆಯ ಶನಿವಾರ ಸರಸ್ವತಿ ಪೂಜೆ. ಪುಸ್ತಕಗಳನ್ನು ಒಂದೆಡೆ ಜೋಡಿಸಿ ಪೂಜಿಸುತ್ತಾರೆ. ಪೂಜೆಗಿಟ್ಟ ಪುಸ್ತಕವನ್ನು ತೆಗೆದು ಓದುವಂತಿಲ್ಲ. ನವರಾತ್ರಿಯಲ್ಲಿ ನಮ್ಮ ಮಕ್ಕಳಿಗೆ ಸಿಗುವ ಭಾಗ್ಯ ಅಲ್ಲಿಯ ಮಕ್ಕಳಿಗೆ 210 ದಿನಕ್ಕೊಮ್ಮೆ! ಅದಾಗಿ ಹದಿನಾಲ್ಕು ದಿನಕ್ಕೆ ತುಂಪೆಕ್ ಲಂಡೆಪ್. ಮೊದಲು ಕತ್ತಿ, ಕಠಾರಿಗಳಿಗೆ ಸಲ್ಲುತ್ತಿದ್ದ ಪೂಜೆ ಈಗ ಕಾರು, ಸ್ಕೂಟರುಗಳಿಗೂ ಸಲ್ಲುತ್ತದೆ. ನಮ್ಮ ಆಯುಧಪೂಜೆಯೇ ಸರಿ. ಗಲುಂಗಾನ್‌ಗೆ 25 ದಿನ ಮೊದಲು ಗಿಡಮರಗಳಿಗೂ ಒಂದು ಹಬ್ಬ ಉಂಟು.

ಎರಡನೆಯದು ಶಕ ಪಂಚಾಂಗ. ಅದು ಚಂದ್ರನನ್ನು ನೋಡಿ ನಡೆಯುವಂಥದ್ದು. ಅದರ ಹೊಸ ವರ್ಷದ ದಿನವೇ ನ್ಯೆಪಿ, ಅಂದರೆ ಮೌನದ ದಿನ. ಅಮಾವಾಸ್ಯೆಯ ಮರುದಿನ ಬರುತ್ತದೆ. ನಮ್ಮ ಯುಗಾದಿಯೂ ಅಮಾವಾಸ್ಯೆ ಕಳೆದ ಪಾಡ್ಯಕ್ಕೇ ಅಲ್ಲವೆ? ಅಧಿಕ ಮಾಸದ ಲೆಕ್ಕ ಬೇರೆಯಾದ ವರ್ಷಗಳಲ್ಲಿ ಎರಡಕ್ಕೂ ಒಂದು ತಿಂಗಳ ಅಂತರ ಬೀಳುತ್ತದೆ. 2024ರಲ್ಲಿ ಹಾಗೇ ಆಯಿತು: ನ್ಯೆಪಿ ಮಾರ್ಚ್ 11ಕ್ಕೆ, ಯುಗಾದಿ ಏಪ್ರಿಲ್ 9ಕ್ಕೆ. ಆದರೆ 2023ರಲ್ಲಿ ಎರಡೂ ಮಾರ್ಚ್ 22ಕ್ಕೇ ಬಿದ್ದಿದ್ದವು. ನಮ್ಮ ಪಂಚಾಂಗದಲ್ಲಿ ಶಾಲಿವಾಹನ ಶಕೆ 1945, ಅವರದರಲ್ಲೂ ಶಕ 1945. ಇದನ್ನು ಕಂಡ ಮೇಲೆ ಬೇರೆ ಯೋಚನೆಯೇ ಬರಲಿಲ್ಲ. ಪೆಂಜೋರ್ ಇನ್ನೊಮ್ಮೆ ನೋಡಿದರಾಯಿತು, ಈ ಯುಗಾದಿ ಬಾಲಿಯಲ್ಲೇ ಎಂದು ತೀರ್ಮಾನಿಸಿ ಮಗಳು, ಅಳಿಯ, ಮೊಮ್ಮಗಳನ್ನೂ ಹೊರಡಿಸಿದೆ.

ನಮ್ಮ ಮನೆಯವಳು ಮಾತ್ರ ಒಂದೇ ಪ್ರಶ್ನೆ ಕೇಳಿದಳು: "ಅಲ್ಲಿ ದೀಪ ಹಚ್ಚೋಕೆ ಜಾಗ ಇರುತ್ತೆ ತಾನೆ?"

"ಇರದೆ ಏನು? ಅವರೂ ದೇವರು ದಿಂಡರು ಅನ್ನೋರೇ" ಎಂದೆ. ಪೂರ್ತಿ ಓದದೆ ರುಜು ಹಾಕುವ ಗ್ರಾಹಕರನ್ನು ಗದರುತ್ತಿದ್ದ ನಾನು ಆ ದಿನ ನ್ಯೆಪಿಯ ನಿಯಮಗಳನ್ನು ಪೂರ್ತಿ ಓದಿರಲಿಲ್ಲ.

ಕ್ವಾಲಾಲಂಪುರದಲ್ಲಿ ವಿಮಾನ ಬದಲಿಸಿ, ಹಬ್ಬಕ್ಕೆ ನಾಲ್ಕು ದಿನ ಮೊದಲೇ ಬಾಲಿ ತಲುಪಿದೆವು. ಉಬುದ್ ಎಂಬ ಊರಿನಲ್ಲಿ ಒಂದು ಮನೆಯಲ್ಲಿ ಕೋಣೆ ಹಿಡಿದಿದ್ದೆವು. ಅಲ್ಲಿಯ ಮನೆ ಎಂದರೆ ಒಂದು ಪ್ರಾಕಾರದೊಳಗೆ ಬೇರೆ ಬೇರೆ ಕಟ್ಟಡಗಳು, ಒಂದು ಮೂಲೆಯಲ್ಲಿ ಮನೆದೇವರ ಗುಡಿಗಳು. ಮನೆಯೊಡತಿಯನ್ನು ಎಲ್ಲರೂ 'ಇಬು' ಎಂದು ಕರೆಯುತ್ತಿದ್ದರು. ಇಬು ಎಂದರೆ ಅಮ್ಮ. ವಯಸ್ಸಿನಲ್ಲಿ ನನ್ನಾಕೆಯ ವಾರಿಗೆಯವರೇ. ಇಬ್ಬರಿಗೂ ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. ಆದರೂ ಎರಡನೆಯ ದಿನವೇ ಇಬ್ಬರೂ ಮಾರುಕಟ್ಟೆಗೆ ಹೋಗಿ ತಾಳೆಬೆಲ್ಲ ತಂದರು. ಅಲ್ಲಿ ಅದಕ್ಕೆ 'ಗುಲಾ ಮೆರಾ' ಎನ್ನುತ್ತಾರೆ. "ಗುಲಾ ಅಂದ್ರೆ ನಮ್ಮ ಗುಡವೇ ಕಣ್ರೀ, ಸಂಸ್ಕೃತದ್ದು" ಎಂದು ನನ್ನಾಕೆ ಹಿಗ್ಗಿದಳು. ಒಣಗಿಸಿದ ಬೇವಿನ ಹೂವನ್ನು ಊರಿನಿಂದಲೇ ಡಬ್ಬಿಯಲ್ಲಿ ತಂದಿದ್ದಳು. ಜೊತೆಗೆ ಸಕ್ಕರೆ ಹೋಳಿಗೆ, ಒಂದು ಪುಟ್ಟ ಹಿತ್ತಾಳೆ ದೀಪ, ಹೂಬತ್ತಿ.

ಮೌನದ ದಿನಕ್ಕೆ ಮುಂಚೆ ಮೆಲಸ್ತಿ. ಊರೂರಿನವರು ತಮ್ಮ ದೇವಾಲಯದ ಪವಿತ್ರ ವಸ್ತುಗಳನ್ನು ಹೊತ್ತು, ಬಿಳಿ ಬಟ್ಟೆಯುಟ್ಟು, ಹಳದಿ ಬಿಳಿ ಕೊಡೆ ಹಿಡಿದು ಕಡಲಿಗೆ ನಡೆದು ಹೋಗುತ್ತಾರೆ. ಕಡಲ ನೀರಿನಿಂದ ಶುದ್ಧಿ. ಅಮಾವಾಸ್ಯೆಯ ಸಂಜೆ ಇದಕ್ಕೆ ತದ್ವಿರುದ್ಧ ಗದ್ದಲ. ಓಗೊ-ಓಗೊ ಎಂಬ ರಾಕ್ಷಸಾಕಾರದ ದೊಡ್ಡ ಬೊಂಬೆಗಳು! ಬಿದಿರು, ಕಾಗದಗಳಿಂದ ಮಾಡಿದ ಇವನ್ನು ಊರಿನ ಹುಡುಗರು ಬಿದಿರಿನ ಚೌಕಟ್ಟಿನ ಮೇಲೆ ಹೊತ್ತು ತರುತ್ತಾರೆ. ನಾಲ್ಕು ರಸ್ತೆ ಕೂಡುವಲ್ಲಿ ಗಿರಗಿರನೆ ತಿರುಗಿಸುತ್ತಾರೆ. ಜೊತೆಗೆ ಜಾಗಟೆ, ತಾಳ, ಮದ್ದಳೆಗಳ ಅಬ್ಬರ. ಪುಟ್ಟ ಮಕ್ಕಳಿಗೆ ಅವರ ಅಳತೆಯ ಪುಟ್ಟ ರಾಕ್ಷಸರು. ಮೊಮ್ಮಗಳು ಅಳಿಯನ ಹೆಗಲೇರಿ ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡಳು. ಮೆರವಣಿಗೆಯಾದ ಮೇಲೆ ಆ ಬೊಂಬೆಗಳಲ್ಲಿ ಬಹುಪಾಲನ್ನು ಸುಟ್ಟುಬಿಡುತ್ತಾರೆ. ದುಷ್ಟಶಕ್ತಿಗಳನ್ನು ಸದ್ದು ಮಾಡಿ ಓಡಿಸಿ, ಮರುದಿನ ದ್ವೀಪವೇ ಉಸಿರು ಬಿಗಿಹಿಡಿದು ಕೂರುವುದು ಅಲ್ಲಿಯ ಕ್ರಮ.

ಅಲ್ಲಿಂದ ಮನೆಗೆ ಬಂದಾಗ ಇಬುವಿನ ಮಗಳು ಇಂಗ್ಲಿಷಿನಲ್ಲಿ ನಾಳೆಯ ನಿಯಮ ಹೇಳಿದಳು. ಬೆಳಗ್ಗೆ ಆರರಿಂದ ಮರುದಿನ ಬೆಳಗ್ಗೆ ಆರರವರೆಗೆ ನಾಲ್ಕು ವ್ರತ. ಬೆಂಕಿ ಬೆಳಕು ಇಲ್ಲ. ಕೆಲಸ ಇಲ್ಲ. ಸಂಚಾರ ಇಲ್ಲ. ಮನರಂಜನೆ ಇಲ್ಲ. ಅಂಗಡಿ ಮುಚ್ಚಿರುತ್ತದೆ, ಟೀವಿ ನಿಲ್ಲುತ್ತದೆ, ಮೊಬೈಲಿಗೆ ಇಂಟರ್ನೆಟ್ ಬರುವುದಿಲ್ಲ. ವಿಮಾನ ನಿಲ್ದಾಣವೇ ಇಪ್ಪತ್ತನಾಲ್ಕು ಗಂಟೆ ಬಂದ್! ಆಸ್ಪತ್ರೆಯಂಥ ತುರ್ತಿಗೆ ಮಾತ್ರ ವಿನಾಯಿತಿ. ಕಪ್ಪು ಬಿಳಿ ಚೌಕಳಿಯ ಬಟ್ಟೆಯುಟ್ಟ 'ಪೆಚಲಾಂಗ್' ಎಂಬ ಊರ ಕಾವಲಿನವರು ಬೀದಿ ಸುತ್ತುತ್ತಾರೆ. ಎಲ್ಲಾದರೂ ಬೆಳಕು ಕಂಡರೆ ಬಂದು ಆರಿಸಲು ಹೇಳುತ್ತಾರೆ.

ನನ್ನಾಕೆಯ ಮುಖ ಸಣ್ಣದಾಯಿತು. "ವರ್ಷದ ಮೊದಲನೇ ದಿನ ದೇವರ ಮುಂದೆ ದೀಪ ಇಲ್ದೆ ಇರೋದು ಹೇಗ್ರೀ? ಮದುವೆಯಾಗಿ ಬಂದ ಮೇಲೆ ಒಂದು ಯುಗಾದೀನೂ ತಪ್ಪಿಸಿಲ್ಲ."

"ಬಾಗಿಲು ಹಾಕ್ಕೊಂಡು ಹಚ್ಚಿದ್ರೆ ಯಾರಿಗೆ ಕಾಣುತ್ತೆ ಅತ್ತೆ?" ಎಂದ ಅಳಿಯ.

"ಆರು ಗಂಟೆಗೆ ಮುಂಚೆ ಹಚ್ಚಿ, ಆರಿಸಿಬಿಡು ಅಜ್ಜಿ" ಎಂದಳು ಮೊಮ್ಮಗಳು.

"ಹಬ್ಬದ ದಿನ ಕೈಯಾರೆ ದೀಪ ಆರಿಸೋದೇ? ಬಿಡ್ತು ಅನ್ನು!" ಎಂದಳು ಅಜ್ಜಿ. ಅಳಿಯನ ಮಾತಿಗೂ ಒಪ್ಪಲಿಲ್ಲ. "ಇನ್ನೊಬ್ಬರ ಮನೇಲಿ ಇದ್ದು ಅವರ ವ್ರತ ಕೆಡಿಸಿ ಹಚ್ಚೋ ದೀಪ ದೇವರಿಗೆ ಬೇಕಾ?"

ನಾನು ಬಾಯಿ ಮುಚ್ಚಿಕೊಂಡು ಕೂತೆ. ತಪ್ಪು ನನ್ನದೇ. ಹಬ್ಬವನ್ನು ನೋಡಲು ಬರುವ ಲೆಕ್ಕ ಹಾಕಿದ್ದೆ. ಅದನ್ನು ನಾವೂ ಆಚರಿಸಬೇಕಾಗುತ್ತದೆ ಎಂಬುದನ್ನು ಲೆಕ್ಕಕ್ಕೇ ತಂದುಕೊಂಡಿರಲಿಲ್ಲ.

ದೀಪವನ್ನು ಕೈಯಲ್ಲಿ ಹಿಡಿದು ಕೂತಿದ್ದ ನನ್ನಾಕೆಯನ್ನು ಇಬು ನೋಡಿದರು. ಮಗಳಿಂದ ವಿಷಯ ಕೇಳಿ ತಿಳಿದುಕೊಂಡರು. ಆಮೇಲೆ ಬೆರಳಿನಲ್ಲಿ ಆರು ತೋರಿಸಿ ಏನೋ ಹೇಳಿದರು. ಮಗಳು ಅದನ್ನು ತಿಳಿಸಿದಳು: "ನಾಡಿದ್ದು ಬೆಳಗ್ಗೆ ಆರು ಗಂಟೆಗೆ ಹಚ್ಚಿ. ಅಮ್ಮನೂ ಬರುತ್ತಾರಂತೆ."

ಯುಗಾದಿಯ ದಿನ ನಾಲ್ಕೂವರೆಗೇ ಎದ್ದು, ಆರರೊಳಗೆ ಎಲ್ಲರದೂ ಎಣ್ಣೆಸ್ನಾನ ಮುಗಿಯಿತು. ಬೇವುಬೆಲ್ಲಕ್ಕೆ ಬೆಂಕಿ ಬೇಕಿಲ್ಲವಲ್ಲ! ಹಿಂದಿನ ದಿನವೇ ಇಬು ಬೇಯಿಸಿಟ್ಟಿದ್ದ ತಣ್ಣನೆಯ ಅನ್ನ, ತೆಂಪೆ, ತರಕಾರಿ. ನಮ್ಮ ಸಕ್ಕರೆ ಹೋಳಿಗೆ. ಊಟವಾದ ಮೇಲೆ ನಾನು ಕಿಸೆ ಪಂಚಾಂಗ ತೆಗೆದು ಶೋಭಕೃತ್ ಸಂವತ್ಸರದ ಫಲ ಓದಿದೆ. ಆಮೇಲೆ ಮಾಡಲು ಏನೂ ಇಲ್ಲ. ಬೀದಿಯಲ್ಲಿ ಒಂದು ಸ್ಕೂಟರಿನ ಸದ್ದೂ ಇಲ್ಲ. ಮೊಮ್ಮಗಳು ಮೊದಲು ಒಂದು ಗಂಟೆ ಫೋನಿಲ್ಲದೆ ಚಡಪಡಿಸಿದಳು. ಮಧ್ಯಾಹ್ನದ ಹೊತ್ತಿಗೆ ಅಜ್ಜಿಯಿಂದ ಚೌಕಾಬಾರ ಕಲಿಯುತ್ತಿದ್ದಳು. ಅದೂ ಮನರಂಜನೆಯೇ ಎಂದು ಅಳಿಯ ಪಿಸುಗುಟ್ಟಿದ. ಸದ್ದಿಲ್ಲದೆ ಆಡಿದರೆ ಆಗಬಹುದು ಎಂದು ಅಜ್ಜಿ ತೀರ್ಪು ಕೊಟ್ಟಳು.

ಕತ್ತಲಾಯಿತು. ಇಡೀ ದ್ವೀಪದಲ್ಲಿ ಬೀದಿದೀಪವೂ ಇಲ್ಲದ ಕತ್ತಲೆ. ಅಂಗಳದಲ್ಲಿ ಚಾಪೆ ಹಾಕಿ ಮಲಗಿದೆವು. ಕಪ್ಪೆಗಳ ವಟವಟ, ನಡುನಡುವೆ 'ಟೊಕ್ಕೇ, ಟೊಕ್ಕೇ' ಎಂದು ಕೂಗುವ ದೊಡ್ಡ ಹಲ್ಲಿ. ಮೋಡ ಸರಿದಾಗಲೆಲ್ಲ ಆಕಾಶದ ತುಂಬ ನಕ್ಷತ್ರ. ಅಷ್ಟು ನಕ್ಷತ್ರಗಳನ್ನು ನಾನು ಚಿಕ್ಕಂದಿನಲ್ಲಿ, ನಮ್ಮ ಹಳ್ಳಿಗೆ ಕರೆಂಟು ಬರುವ ಮುಂಚೆ ನೋಡಿದ್ದು.

ಎಲ್ಲರೂ ನಿದ್ದೆ ಹೋದರು ಎಂದುಕೊಂಡಿದ್ದೆ. ಪಕ್ಕದಿಂದ ನನ್ನಾಕೆಯ ದನಿ ಬಂತು: "ಒಂದು ಯುಗಾದೀನಾದ್ರೂ ನೀವು ಪೂರ್ತಿ ದಿನ ನನ್ನ ಜೊತೆ ಕೂತಿದ್ದು ಇದೇ ಮೊದಲು."

ಅವಳ ಮಾತಿನಲ್ಲಿ ದೂರು ಇರಲಿಲ್ಲ. ಇದ್ದಿದ್ದರೆ ಉತ್ತರ ಕೊಡುವುದು ಸುಲಭವಾಗುತ್ತಿತ್ತು. ಬ್ಯಾಂಕಿನವರಿಗೆ ಮಾರ್ಚ್ ಎಂದರೆ ವರ್ಷದ ಲೆಕ್ಕ ಮುಗಿಸುವ ಕಾಲ. ಯುಗಾದಿ ಸರಿಯಾಗಿ ಅದರ ಆಸುಪಾಸಿನಲ್ಲೇ ಬರುತ್ತಿತ್ತು. ರಜೆಯಿದ್ದರೂ ಬೇವುಬೆಲ್ಲ ಬಾಯಿಗೆ ಹಾಕಿಕೊಂಡು ಲೆಡ್ಜರ್ ಸರಿದೂಗಿಸಲು ಓಡುತ್ತಿದ್ದೆ. ರಾತ್ರಿ ಬರುವಾಗ ಒಬ್ಬಟ್ಟು ತಣ್ಣಗಾಗಿರುತ್ತಿತ್ತು, ಮಕ್ಕಳು ಮಲಗಿರುತ್ತಿದ್ದರು. ನಿವೃತ್ತನಾದ ಮೇಲೆ ಟೀವಿ, ಫೋನು, ನೆಂಟರಿಷ್ಟರು. ಅಷ್ಟೂ ಹಬ್ಬಗಳಲ್ಲಿ ದೀಪ ಹಚ್ಚಿದವಳು ಇವಳು, ನೋಡಲು ನಾನಿರಲಿಲ್ಲ. ನಾನು ಇಡೀ ದಿನ ಮನೆಯಲ್ಲಿದ್ದ ಮೊದಲ ಯುಗಾದಿಗೆ ದೀಪವೇ ಇರಲಿಲ್ಲ.

ಮರುದಿನ ಆರು ಗಂಟೆಗೆ ಅವಳು ದೀಪ ಹಚ್ಚಿದಳು. ಇಬು ಎಳೆಗರಿಯ ಪುಟ್ಟ ತಟ್ಟೆಯಲ್ಲಿ ಹೂವಿಟ್ಟು, ಊದುಬತ್ತಿ ಹಿಡಿದು ಬಂದು ಪಕ್ಕದಲ್ಲಿ ಕೂತರು. ಬೇವುಬೆಲ್ಲ ಬಾಯಿಗಿಟ್ಟುಕೊಂಡು ಮುಖ ಹುಳ್ಳಗೆ ಮಾಡಿ, ಆಮೇಲೆ ಜೋರಾಗಿ ನಕ್ಕರು. ಆ ದಿನ ಅಲ್ಲಿ 'ಎಂಬಕ್ ಗೆನಿ'. ಮತ್ತೆ ಒಲೆ ಹೊತ್ತಿಸಿ, ಬಂಧುಬಳಗದವರ ಮನೆಗೆ ಹೋಗಿ, ಹೋದ ವರ್ಷದ ತಪ್ಪುಗಳಿಗೆ ಕ್ಷಮೆ ಕೇಳುವ ದಿನ. ಸಂಜೆ ಪಶ್ಚಿಮದಲ್ಲಿ ಎಳೆಚಂದ್ರ ಕಂಡ, ಅವನ ಮೇಲುಗಡೆ ಶುಕ್ರ. ಯುಗಾದಿಯ ಚಂದ್ರನನ್ನು ನೋಡಿ ಹಿರಿಯರಿಗೆ ನಮಸ್ಕರಿಸುವುದು ನಮ್ಮ ಪದ್ಧತಿ. ಮಗಳು, ಅಳಿಯ, ಮೊಮ್ಮಗಳು ನಮಗೂ ಇಬುವಿಗೂ ನಮಸ್ಕರಿಸಿದರು. ನಾನು ಯಾರಿಗೂ ಕೇಳಿಸದಂತೆ ನನ್ನಾಕೆಗೆ, "ಮಾರ್ಚ್ ತಿಂಗಳುಗಳದ್ದೆಲ್ಲ ತಪ್ಪಾಯ್ತು" ಎಂದೆ. "ಅಲ್ಲಿಯ ಪದ್ಧತಿ ಬೇಗ ಕಲಿತಿರಿ" ಎಂದು ಅವಳು ನಕ್ಕಳು.

ನೀವೂ ಹಬ್ಬ ನೋಡಲು ಬಾಲಿಗೆ ಹೋಗುವುದಾದರೆ ಈ ಮುದುಕನ ನಾಲ್ಕು ಮಾತು ನೆನಪಿರಲಿ. ಟಿಕೆಟ್ ಕೊಳ್ಳುವ ಮುಂಚೆ ಆ ವರ್ಷದ ತಾರೀಖು ನೋಡಿ. 2026ರಲ್ಲಿ ನ್ಯೆಪಿ ಮಾರ್ಚ್ 19ಕ್ಕೆ, ನಮ್ಮ ಯುಗಾದಿಯೂ ಅದೇ ದಿನ. ಗಲುಂಗಾನ್ ಜೂನ್ 17ಕ್ಕೆ, ಕುನಿಂಗಾನ್ ಜೂನ್ 27ಕ್ಕೆ. ಜೂನ್ ನಡುವಿನಿಂದ ಜುಲೈ ನಡುವಿನವರೆಗೆ ರಾಜಧಾನಿ ದೆನ್‌ಪಸಾರ್‌ನಲ್ಲಿ ಬಾಲಿ ಕಲಾ ಉತ್ಸವ, 1979ರಿಂದ ನಡೆದು ಬಂದದ್ದು. ಮಕ್ಕಳಿಗೆ ಗಾಳಿಪಟ ಇಷ್ಟವಾದರೆ ಜುಲೈ, ಆಗಸ್ಟ್ ಒಳ್ಳೆಯ ಕಾಲ. ಉದ್ದನೆಯ ಬಾಲದ ದೈತ್ಯ ಗಾಳಿಪಟಗಳು ಸಾನೂರಿನ ಕಡೆ ಹಾರುತ್ತವೆ. ನ್ಯೆಪಿಯ ದಿನಕ್ಕೆ ಹೋಗಿ ಬರುವ ವಿಮಾನ ಹಿಡಿಯಬೇಡಿ. ಔಷಧಿ, ತಿಂಡಿ ಹಿಂದಿನ ದಿನವೇ ತಂದಿಟ್ಟುಕೊಳ್ಳಿ. ದೇವಾಲಯಕ್ಕೆ ಸರೋಂಗ್ ಉಟ್ಟು, ಸೊಂಟಕ್ಕೆ ಪಟ್ಟಿ ಕಟ್ಟಿ ಹೋಗಿ. ರಸ್ತೆಯಲ್ಲಿ, ಹೊಸಿಲ ಮುಂದೆ ಇಟ್ಟ ಹೂವಿನ ತಟ್ಟೆ ತುಳಿಯಬೇಡಿ. ಸಸ್ಯಾಹಾರಿಗಳು ಮಾಂಸ, ಮೊಟ್ಟೆ ಬೇಡ ಎಂದರಷ್ಟೇ ಸಾಲದು. ಚಟ್ನಿಗೆ ಹಾಕುವ ಸಿಗಡಿಯ 'ತೆರಾಸಿ'ಯೂ ಬೇಡ ಎಂದು ಹೇಳಿ.

ಊರಿಗೆ ಬಂದು ಖರ್ಚಿನ ಲೆಕ್ಕ ಬರೆಯಲು ಕೂತಾಗ ಮೊಮ್ಮಗಳು ಬಗ್ಗಿ ನೋಡಿದಳು. "ತಾತ, ಮಾರ್ಚ್ 22ರ ಮುಂದೆ ಏನೂ ಬರ್ದೇ ಇಲ್ವಲ್ಲ?"

ಆ ದಿನ ಒಂದು ರೂಪಾಯಿಯೂ ಖರ್ಚಾಗಿರಲಿಲ್ಲ. ಸೊನ್ನೆ ಎಂದು ಬರೆದೆ. ಅಡಿಯಲ್ಲಿ ಗೆರೆ ಎಳೆದು ರುಜು ಹಾಕಿದೆ.