ನರಗುಂದದ ಪುಕ್ಕಟೆ ಹಾಡು

ಹುಬ್ಬಳ್ಳಿಯಿಂದ ವಿಜಯಪುರದ ಬಸ್ಸು ಹತ್ತಿ ನವಲಗುಂದ ದಾಟಿದಿರೆಂದರೆ ಎರೆಹೊಲಗಳ ಬಯಲಿನಾಚೆ ಒಂದು ಗುಡ್ಡ ಕಣ್ಣಿಗೆ ಬೀಳುತ್ತದೆ. ಅದರ ಬುಡದಲ್ಲಿದೆ ನರಗುಂದ. ಹೆಸರು ಕೇಳಿದೊಡನೆ ನೆನಪಾಗುವುದು ಬಂಡಾಯ: 1858ರಲ್ಲಿ ಇಂಗ್ಲಿಷರ ವಿರುದ್ಧ ಎದ್ದ ಬಾಬಾಸಾಹೇಬ, 1980ರ ಜುಲೈ 21ರಂದು ನೀರಾವರಿ ಕರದ ವಿರುದ್ಧ ಎದ್ದ ರೈತರು. ಈ ನಾಡಿನ ಇನ್ನೊಂದು ಗುಣವನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ. ಸಿಕ್ಕಿದ್ದನ್ನೆಲ್ಲ ಓದುವುದು, ಕಿವಿಗೆ ಬಿದ್ದದ್ದನ್ನೆಲ್ಲ ಕೇಳುವುದು ಇಲ್ಲಿಯವರ ಹಳೆಯ ಚಟ.

ಬಾಬಾಸಾಹೇಬ ಭಾವೆಯೇ ದೊಡ್ಡ ಓದುಗ. ಅವನ ಅರಮನೆಯಲ್ಲಿ ಸಂಸ್ಕೃತ ಗ್ರಂಥಗಳ ಭಂಡಾರವಿತ್ತು. 1858ರ ಜೂನ್ 12ರಂದು ಬೆಳಗಾವಿಯಲ್ಲಿ ಅವನನ್ನು ಗಲ್ಲಿಗೇರಿಸಿದರು. ಸಂಸ್ಥಾನ ಹೋಯಿತು, ಭಂಡಾರವೂ ಹೋಯಿತು. ಓದುವ ಚಟ ಮಾತ್ರ ಊರಿನಲ್ಲಿ ಉಳಿಯಿತು.

1980ರ ದಶಕದ ಕೊನೆಗೆ, ಕಾಲೇಜಿನ ರಜೆಯಲ್ಲಿ, ನಾನು ಇಲ್ಲಿಯ ಒಂದು ಕ್ಯಾಸೆಟ್ ಅಂಗಡಿಯಲ್ಲಿ ಕೂಡುತ್ತಿದ್ದೆ. ಹಿರಿಯರು ಅದನ್ನು ಪ್ಲೇಟಿನ ಅಂಗಡಿ ಎಂದೇ ಕರೆಯುತ್ತಿದ್ದರು. ಒಂದು ಮಗ್ಗುಲಿಗೆ ಮೂರು ಮೂರೂವರೆ ನಿಮಿಷ ಹಾಡುವ 78 ಸುತ್ತಿನ ಕರಿ ತಟ್ಟೆಗಳು ಇನ್ನೂ ಅಟ್ಟದ ಮೇಲಿದ್ದವು. ಗಂಗೂಬಾಯಿ ಹಾನಗಲ್ಲರ ಮೊದಮೊದಲ ಪ್ಲೇಟುಗಳ ಮೇಲೆ ‘ಗಾಂಧಾರಿ’ ಎಂಬ ಹೆಸರಿತ್ತೆಂದು ನನಗೆ ಗೊತ್ತಾದದ್ದು ಅಲ್ಲಿಯೇ.

ಗಿರಾಕಿಗಳು ತಂದ ಚೀಟಿ ನೋಡಿ ಖಾಲಿ ಕ್ಯಾಸೆಟ್ಟಿಗೆ ಹಾಡು ತುಂಬುವುದು ನನ್ನ ಕೆಲಸ. ಒಮ್ಮೆ ಹತ್ತಿ ಮಾರಿ ಬಂದ ರೈತರೊಬ್ಬರ ಚೀಟಿಯಲ್ಲಿ ಮಲ್ಲಿಕಾರ್ಜುನ ಮನ್ಸೂರರ ವಚನ, ರಾಜಕುಮಾರ್ ಚಿತ್ರಗೀತೆ, ಶರೀಫರ ಪದ, ಗೀಗೀ ಪದ, ಭೀಮಸೇನ ಜೋಶಿಯವರ ದಾಸರ ಪದ ಸಾಲಾಗಿದ್ದವು.

“ಕಾಕಾ, ಇವು ಒಂದಕ್ಕೊಂದು ತಾಳೆ ಆಗೂದಿಲ್ಲಲ್ಲ?” ಎಂದೆ.

“ಊಟದಾಗ ಬರೇ ರೊಟ್ಟಿ ತಿಂತೀ ಏನು ತಮ್ಮಾ? ಪಲ್ಯ, ಹಿಂಡಿ, ಮೊಸರು ಎಲ್ಲಾ ಬೇಕಲ್ಲ. ಸುಮ್ಮನ ತುಂಬು.”

ಅರವತ್ತು ನಿಮಿಷದ ಕ್ಯಾಸೆಟ್ಟಿನ ಒಂದು ಮಗ್ಗುಲು ತುಂಬಲು ಅರ್ಧ ತಾಸು ಬೇಕು. ಆ ಅರ್ಧ ತಾಸು ನನ್ನ ಓದಿನ ಹೊತ್ತು. ಕೌಂಟರಿನ ಕೆಳಗೆ ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿ, ಅದರ ಮೇಲೆ ಹಳೆಯ ‘ಕಸ್ತೂರಿ’, ಪಕ್ಕದಲ್ಲಿ ಧಾರವಾಡದ ಮನೋಹರ ಗ್ರಂಥಮಾಲೆ ತಂದ ಕಾರ್ನಾಡರ ‘ತುಘಲಕ್’. ಯಾವುದು ಮೊದಲು, ಯಾವುದು ಮೇಲು ಎಂದು ಹೇಳುವವರು ಇರಲಿಲ್ಲ. ಅಂಗಡಿಯ ಹೊರಗೆ ಒಂದು ಸ್ಪೀಕರು. ಕೊಳ್ಳುವವರು ನಾಲ್ಕು ಮಂದಿಯಾದರೆ ನಿಂತು ಕೇಳುವವರು ನಲವತ್ತು ಮಂದಿ.

ಹೀಗೆ ಪುಕ್ಕಟೆ ಕೇಳಿದವರಿಂದ ಏನು ಲಾಭ ಎನ್ನುವಿರಾ? ನರಗುಂದದ ನೆರೆಯ ತಾಲ್ಲೂಕು ರೋಣ. 1922ರ ಫೆಬ್ರುವರಿ 4ರಂದು ಭೀಮಸೇನ ಜೋಶಿಯವರು ಹುಟ್ಟಿದ್ದು ಅಲ್ಲಿ. ಬಾಲ್ಯದಲ್ಲಿ ಅಬ್ದುಲ್ ಕರೀಂ ಖಾನರ ಪ್ಲೇಟು ಕೇಳಿ ಹುಚ್ಚಾದ ಸಂಗತಿ ಅವರ ಜೀವನಚರಿತ್ರೆಯಲ್ಲಿ ತಪ್ಪದೆ ಬರುತ್ತದೆ. ಹಾಡು ಕೇಳುತ್ತ ಅಂಗಡಿಯ ಮುಂದೆ ನಿಂತುಬಿಡುತ್ತಿದ್ದ ಹುಡುಗ, ಹನ್ನೊಂದರ ವಯಸ್ಸಿನಲ್ಲಿ, 1933ರಲ್ಲಿ ಗುರುವನ್ನು ಹುಡುಕಿ ಮನೆ ಬಿಟ್ಟ. ಗ್ವಾಲಿಯರ್, ಜಲಂಧರ್ ಎಂದು ತಿರುಗಿ ಕೊನೆಗೆ ಗುರು ಸಿಕ್ಕಿದ್ದು ಹುಬ್ಬಳ್ಳಿ ಪಕ್ಕದ ಕುಂದಗೋಳದಲ್ಲಿ. ಆ ಗುರು ಸವಾಯಿ ಗಂಧರ್ವರು, ಅದೇ ಕರೀಂ ಖಾನರ ಶಿಷ್ಯರು. 2008ರಲ್ಲಿ ಭಾರತರತ್ನ ಘೋಷಣೆಯಾದಾಗ, ಎಂದೋ ಪ್ಲೇಟು ಹಚ್ಚಿದ ಆ ಅಂಗಡಿಯವನಿಗೂ ಅದರಲ್ಲಿ ಕಾಸಿನಷ್ಟು ಪಾಲು ಸಲ್ಲಬೇಕೆಂದು ನನಗನ್ನಿಸಿತು.

ನಾನು ಕೂಡುತ್ತಿದ್ದ ಅಂಗಡಿ ಮುಚ್ಚಿ ಬಹಳ ವರ್ಷಗಳಾದವು. ಹಾಡುಗಳಿಗೇನೂ ಬರವಿಲ್ಲ, ಪ್ಲೇಟು ಕ್ಯಾಸೆಟ್ಟುಗಳ ಕಾಲಕ್ಕಿಂತ ನೂರು ಪಾಲು ಹೆಚ್ಚು ಪ್ರತಿಯೊಬ್ಬರ ಮೊಬೈಲಿನಲ್ಲಿವೆ. ಆದರೆ ಅವರವರ ಹಾಡು ಅವರವರ ಕಿವಿಯಲ್ಲೇ ಉಳಿಯುತ್ತದೆ. ಒಮ್ಮೆ ಕೇಳಿದಂಥದನ್ನೇ ಮೊಬೈಲು ಮತ್ತೆ ಮತ್ತೆ ಮುಂದಿಡುತ್ತದೆ. ತಾನಾಗಿ ಎಂದೂ ಆರಿಸಿಕೊಳ್ಳದ ಹಾಡು ದಾರಿಹೋಕ ಹುಡುಗನ ಕಿವಿಗೆ ಬೀಳುವುದೆಂತು?

ಇದಕ್ಕೆ ದೊಡ್ಡ ಯೋಜನೆ ಬೇಕಿಲ್ಲ. ಊರ ಗ್ರಂಥಾಲಯದ ಪಡಸಾಲೆಯಲ್ಲಿ ಸಂಜೆ ಒಂದು ತಾಸು ಯಾವುದಾದರೊಂದು ಹಾಡು ಹಚ್ಚಿ ಬಾಗಿಲು ತೆರೆದಿಟ್ಟರೆ ಸಾಕು. ಶಾಲೆ ಬಿಡುವ ಹೊತ್ತಿಗೆ ಹಚ್ಚಿದರೆ ಇನ್ನೂ ಒಳ್ಳೆಯದು.